ರಾತ್ರಿ ಪಾರ್ಕಿಗೆ, ಬಸ್ ಸ್ಟ್ಯಾಂಡಿಗೆ ಬೀಗ ಹಾಕಿದರೆ ನಿರಾಶ್ರಿತರು ಎಲ್ಲಿಗೆ ಹೋಗುತ್ತಾರೆ?

ಇಂಥ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಬೆಂಚಿನ ಮೇಲೆ ಮುಸುಕು ಹೊದ್ದು ಮಲಗಿದ ಮೂರ್ನಾಲ್ಕು ಜನರ ಫೋಟೊ. ಅದರ ಕೆಳಗೆ, "ನಮ್ಮೂರ ಪಾರ್ಕು, ಬಸ್ ಸ್ಟ್ಯಾಂಡು ಹಾಳಾಗುತ್ತಿದೆ. ರಾತ್ರಿ ಟೈಮಿಗೆ ಸರಿಯಾಗಿ ಬೀಗ ಹಾಕಿ ಇವರನ್ನೆಲ್ಲ ಓಡಿಸಿ. ಅಧಿಕಾರಿಗಳಿಗೆ ತಲುಪುವವರೆಗೂ ಶೇರ್ ಮಾಡಿ" ಎಂಬ ಒಕ್ಕಣೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ, ಯಾವುದಾದರೂ ಆಗಬಹುದು.

ಓದಿದ ಕೂಡಲೇ ಸರಿ ಅನಿಸುತ್ತದೆ. ಸಾರ್ವಜನಿಕ ಜಾಗ ಚೊಕ್ಕಟವಾಗಿರಬೇಕು, ಹೆಣ್ಣುಮಕ್ಕಳು ಧೈರ್ಯವಾಗಿ ಓಡಾಡುವಂತಿರಬೇಕು, ಗುಡಿಸುವವರಿಗೆ, ಕಾವಲುಗಾರರಿಗೆ ಕೆಲಸದ ಹೊತ್ತು ಅಂತ ಒಂದಿರಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗೇಟಿಗೆ ಬೀಗ ಬಿದ್ದ ಮೇಲೆ ಆ ಮೂರ್ನಾಲ್ಕು ಜನ ಏನಾಗುತ್ತಾರೆ ಎಂಬುದು ಮೆಸೇಜಿನಲ್ಲಿ ಇರುವುದಿಲ್ಲ. ಈ ವಿಷಯದಲ್ಲಿ ಹರಿದಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: "ಇವರೆಲ್ಲ ಭಿಕ್ಷುಕರು, ಸೋಮಾರಿಗಳು"

ಪೂರ್ತಿ ನಿಜವಲ್ಲ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಲು ಒಂದು ರಾತ್ರಿಯನ್ನೇ ಮೀಸಲಿಟ್ಟಿದ್ದರು. ಅದು ಫೆಬ್ರವರಿ 28ರ ರಾತ್ರಿ. ರಸ್ತೆಬದಿ, ಫುಟ್‌ಪಾತು, ಮೇಲ್ಸೇತುವೆಯ ಕೆಳಗೆ, ಮೆಟ್ಟಿಲ ಕೆಳಗೆ, ದೇವಸ್ಥಾನದ ಮಂಟಪ, ರೈಲ್ವೆ ಪ್ಲಾಟ್‌ಫಾರ್ಮು, ಹೀಗೆ ಬಯಲಲ್ಲಿ ಮಲಗಿದವರನ್ನು ಅಂದು ಲೆಕ್ಕ ಹಾಕಿದರು. ಇಡೀ ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ ಜನ. ಅವರಲ್ಲಿ ನಗರ, ಪಟ್ಟಣಗಳಲ್ಲಿದ್ದವರೇ 9.38 ಲಕ್ಷ. ಇವರಲ್ಲಿ ಭಿಕ್ಷೆ ಬೇಡುವವರೂ ಇರುತ್ತಾರೆ, ದುಡಿದು ತಿನ್ನುವವರೂ ಇರುತ್ತಾರೆ. ಮೂಟೆ ಹೊರುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಚಿಂದಿ ಆಯುವವರು, ಕಟ್ಟಡದ ಕೂಲಿಗಳು, ಮಕ್ಕಳು ಮನೆಯಿಂದ ಹೊರಹಾಕಿದ ಮುದುಕರು, ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರು, ದಾರಿ ತಪ್ಪಿದ ಮಾನಸಿಕ ರೋಗಿಗಳು. ದಿನಗೂಲಿಯಲ್ಲಿ ಊಟ ಕಳೆದು ಉಳಿದ ದುಡ್ಡಿಗೆ ಬಾಡಿಗೆ ರೂಮು ಸಿಗದಿದ್ದರೆ ದುಡಿಯುವವನೂ ಬಸ್ ಸ್ಟ್ಯಾಂಡಿನಲ್ಲೇ ಮಲಗಬೇಕಾಗುತ್ತದೆ.

ಇನ್ನೊಂದು ಸಂಗತಿ. ರಾತ್ರಿ ಬೆಂಚಿನ ಮೇಲೆ ಮಲಗಿದವರೆಲ್ಲ ಮನೆಯಿಲ್ಲದವರಲ್ಲ. ಮಂಡ್ಯಕ್ಕೂ ಮದ್ದೂರಿಗೂ ರೈಲುಂಟು, ಮಳವಳ್ಳಿಗೆ ಇಲ್ಲ. ಕೊನೇ ಬಸ್ಸು ತಪ್ಪಿದ ಮಳವಳ್ಳಿ ಕಡೆಯ ಪ್ರಯಾಣಿಕರು ಬೆಳಗಾಗುವವರೆಗೆ ಎಲ್ಲಾದರೂ ಕೂರಲೇಬೇಕು. ಮಂಡ್ಯದ ಮಿಮ್ಸ್ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿ ಒಳಗೆ ದಾಖಲಾದರೆ, ಜೊತೆಗೆ ಬಂದ ಹಳ್ಳಿಯವರಿಗೆ ಮಲಗಲು ಜಾಗ ಬೇಕು. ಅಂಥವರ ಪಾಲಿಗೂ ಬೀಗ ಒಂದೇ. ನಾಳೆ ಅಲ್ಲಿ ಕೂತಿರುವುದು ನಮ್ಮ ಮನೆಯವರೇ ಆಗಿರಬಹುದು.

ಮಾತು 2: "ಬೀಗ ಹಾಕಿದರೆ ತಾವಾಗಿಯೇ ಊರು ಬಿಟ್ಟು ಹೋಗುತ್ತಾರೆ"

ಇಲ್ಲ, ಅವರು ಜಾಗ ಬದಲಾಯಿಸುತ್ತಾರೆ ಅಷ್ಟೇ. ಕೂಲಿ, ಊಟ, ಗುರುತಿನ ಮುಖಗಳು ಎಲ್ಲವೂ ಇದೇ ಊರಿನಲ್ಲಿರುವಾಗ ಯಾರೂ ಒಂದು ಗೇಟು ಮುಚ್ಚಿತೆಂದು ಊರು ಬಿಡುವುದಿಲ್ಲ. ದೀಪ ಇರುವ, ಜನ ಓಡಾಡುವ, ಕಾವಲುಗಾರನ ಕಣ್ಣಿಗೆ ಬೀಳುವ ಜಾಗದಿಂದ ಎದ್ದು ಕತ್ತಲೆಯ ಜಾಗಕ್ಕೆ ಹೋಗುತ್ತಾರೆ. ಮುಚ್ಚಿದ ಅಂಗಡಿಯ ಜಗಲಿ, ಹೆದ್ದಾರಿ ಬದಿ, ಮೋರಿಯ ಪಕ್ಕ, ನಿಲ್ಲಿಸಿದ ಲಾರಿಯ ಕೆಳಗೆ. ಅಲ್ಲಿ ವಾಹನ ಹರಿಯುವ ಭಯ, ಹಾವು ಚೇಳಿನ ಭಯ, ಹೆಂಗಸರಿಗೆ ದೌರ್ಜನ್ಯದ ಭಯ. ತೊಂದರೆ ನಮ್ಮ ಕಣ್ಣಿಗೆ ಕಾಣದಂತಾಯಿತೇ ಹೊರತು ಕಡಿಮೆಯಾಗಲಿಲ್ಲ.

ದೆಹಲಿಯಲ್ಲಿ ಇದಕ್ಕಿಂತ ಕೆಟ್ಟ ಉದಾಹರಣೆ ನಡೆದಿದೆ. ಪೂಸಾ ರಸ್ತೆಯ ವೃತ್ತದಲ್ಲಿ ಮನೆಯಿಲ್ಲದವರಿಗಾಗಿ ಇದ್ದ ಟೆಂಟಿನ ತಂಗುದಾಣವನ್ನು 2009ರ ಡಿಸೆಂಬರಿನ ಕೊರೆವ ಚಳಿಯಲ್ಲಿ ತೆರವು ಮಾಡಿದರು. ಮುಂದಿನ ತಿಂಗಳೇ ಈ ವಿಷಯ ಸುಪ್ರೀಂ ಕೋರ್ಟಿಗೆ ಬಂತು. ನಗರಗಳಲ್ಲಿ 1 ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣ ಇರಬೇಕೆಂಬ ಮಾತು ದೇಶಕ್ಕೆಲ್ಲ ಹಬ್ಬಿದ್ದು ಆಮೇಲೆಯೇ.

ಮಾತು 3: "ನಮ್ಮ ಮಂಡ್ಯದಲ್ಲಿ ಎಲ್ಲಿ ಚಳಿ? ಹೊರಗೆ ಮಲಗಿದರೆ ಏನೂ ಆಗಲ್ಲ"

ಇದು ತಪ್ಪು ತಿಳಿವಳಿಕೆ. ದೇಹದ ಒಳಗಿನ ಉಷ್ಣಾಂಶ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 35ಕ್ಕಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ 15–16 ಡಿಗ್ರಿ ಇರುವುದುಂಟು. ಹೊಟ್ಟೆಗಿಲ್ಲದ, ವಯಸ್ಸಾದ, ಒದ್ದೆ ಬಟ್ಟೆಯಲ್ಲಿರುವ ಮನುಷ್ಯನಿಗೆ ಅಷ್ಟು ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಮಳೆಗಾಲದ ರಾತ್ರಿಯೂ ಅಪಾಯವೇ. ಬರಿಯ ಸಿಮೆಂಟಿನ ನೆಲವೂ ಶಾಖ ಹೀರುತ್ತದೆ. ಕೆಳಗೆ ರಟ್ಟೋ ಗೋಣಿಚೀಲವೋ ಹಾಸಿಕೊಳ್ಳುವುದು ಇದೇ ಕಾರಣಕ್ಕೆ.

ಇದರ ಜೊತೆಗೇ ಬರುವ ಇನ್ನೊಂದು ನಂಬಿಕೆ, "ಒಂದು ಕ್ವಾರ್ಟರ್ ಹಾಕಿದರೆ ಚಳಿ ಹೋಗುತ್ತೆ" ಅನ್ನುವುದು. ಇದೂ ಸುಳ್ಳು. ಮದ್ಯ ಚರ್ಮದ ಹತ್ತಿರದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಬಿಸಿ ರಕ್ತ ಮೈಯ ಮೇಲ್ಭಾಗಕ್ಕೆ ಬಂದಾಗ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತದೆ. ಕುಡಿದು ಬಯಲಲ್ಲಿ ಮಲಗಿದವನಿಗೆ ಅಪಾಯ ಹೆಚ್ಚು.

ಮಾತು 4: "ಎಬ್ಬಿಸಿದರೆ ಏನಾಯ್ತು, ಇನ್ನೊಂದು ಕಡೆ ಹೋಗಿ ಮಲಗಲಿ"

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದೂ ತುಂಡು ತುಂಡಾಗಿ ಅಲ್ಲ. ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ, ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಹೀಗೆ. ಹತ್ತು ಗಂಟೆಗೆ ಪಾರ್ಕಿನವರು, ಒಂದು ಗಂಟೆಗೆ ಬೀಟ್ ಪೊಲೀಸರು, ನಾಲ್ಕಕ್ಕೆ ಕಸ ಗುಡಿಸುವವರು ಎಬ್ಬಿಸಿದರೆ ಗಾಢ ನಿದ್ದೆ ಸಿಗುವುದೇ ಇಲ್ಲ. ದಿನಾ ಹೀಗಾದರೆ ರಕ್ತದೊತ್ತಡ, ಸಕ್ಕರೆ ಹತೋಟಿ ತಪ್ಪುತ್ತವೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಮನಸ್ಸು ಕೆರಳುತ್ತದೆ. ಮಲಗಲು ಬಿಡದೆ ಇಡೀ ರಾತ್ರಿ ಕೂರಿಸಿದರೆ ಕಾಲು ಊದಿಕೊಳ್ಳುತ್ತದೆ. ಕಾಲಿನ ರಕ್ತ ಮೇಲೇರಲು ಮೀನಖಂಡದ ಸ್ನಾಯುಗಳು ಪಂಪಿನಂತೆ ಒತ್ತಬೇಕು. ಅಲುಗಾಡದೆ ಕೂತರೆ ಆ ಪಂಪು ಕೆಲಸ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರ ಊದಿದ ಕಾಲಿಗೆ ಒಂದು ಸಣ್ಣ ಗಾಯವಾದರೂ ಅದು ಬೇಗ ಮಾಯುವುದಿಲ್ಲ.

ಇದು ಅವರೊಬ್ಬರ ತಾಪತ್ರಯ ಅಲ್ಲ. ಕ್ಷಯರೋಗವನ್ನೇ ತೆಗೆದುಕೊಳ್ಳಿ. ಸಾಮಾನ್ಯ ಟಿಬಿಗೆ ಕನಿಷ್ಠ 6 ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಮಾತ್ರೆ ಸರ್ಕಾರ ಪುಕ್ಕಟೆ ಕೊಡುತ್ತದೆ. ಆದರೆ ರೋಗಿ ಇವತ್ತು ಎಲ್ಲಿ ಸಿಗುತ್ತಾನೆ ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿರಬೇಕಲ್ಲ? ದಿನಕ್ಕೊಂದು ಕಡೆ ಓಡಿಸುತ್ತಾ ಹೋದರೆ ಮಾತ್ರೆ ನಡುವೆ ನಿಲ್ಲುತ್ತದೆ, ಔಷಧಕ್ಕೆ ಬಗ್ಗದ ಟಿಬಿ ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಅದು ಗಾಳಿಯಲ್ಲಿ ಹರಡುವ ರೋಗ. ಅದಕ್ಕೆ ಮನೆ ಇರುವವರು, ಇಲ್ಲದವರು ಅನ್ನುವ ಭೇದವಿಲ್ಲ.

ಮಾತು 5: "ರಾತ್ರಿ ಶೌಚಾಲಯಕ್ಕೂ ಬೀಗ ಹಾಕಿದರೆ ಗಲೀಜು ಕಡಿಮೆಯಾಗುತ್ತದೆ"

ಉಲ್ಟಾ ಆಗುತ್ತದೆ. ಶೌಚಾಲಯಕ್ಕೆ ಬೀಗ ಹಾಕಬಹುದು, ಹೊಟ್ಟೆಗೆ ಹಾಕಲಾಗುವುದಿಲ್ಲ. ಒಳಗೆ ಆಗಬೇಕಾದ್ದು ಗೋಡೆಯ ಹಿಂದೆ ಆಗುತ್ತದೆ, ಬೆಳಗ್ಗೆ ಅದನ್ನು ಬಳಿಯುವ ಪಾಡು ಪೌರಕಾರ್ಮಿಕರಿಗೆ. ಹೆಂಗಸರು ಕತ್ತಲಲ್ಲಿ ದೂರ ಹೋಗಬೇಕಾಗುತ್ತದೆ. ಇಲ್ಲವೇ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿ, ತಡೆದುಕೊಂಡು ಬೆಳಗು ಮಾಡುತ್ತಾರೆ. ಕಡಿಮೆ ನೀರು ಕುಡಿದು, ಮೂತ್ರ ತಡೆದುಕೊಳ್ಳುವುದು ರೂಢಿಯಾದರೆ ಮೂತ್ರನಾಳದ ಸೋಂಕು ಬರುವ ಸಂಭವ ಹೆಚ್ಚು. ಪಾರ್ಕಿನ ಗೇಟು ಮುಚ್ಚಿದರೂ ಶೌಚಾಲಯದ ಬಾಗಿಲು ರಸ್ತೆಯ ಕಡೆಗೆ ತೆರೆದಿದ್ದರೆ ಈ ತೊಂದರೆಯ ಅರ್ಧ ಅಲ್ಲೇ ನಿಲ್ಲುತ್ತದೆ.

ಇಲ್ಲಿಯೇ ಇನ್ನೊಂದು ಪ್ರಸಿದ್ಧ ಫಾರ್ವರ್ಡ್ ನೆನಪಿಗೆ ಬರುತ್ತದೆ. "1867ರ ಸರಾಯ್ ಕಾಯ್ದೆ ಪ್ರಕಾರ ಫೈವ್ ಸ್ಟಾರ್ ಹೋಟೆಲ್ ಕೂಡ ಯಾರಿಗೇ ಆಗಲಿ ಫ್ರೀಯಾಗಿ ನೀರು ಕೊಡಬೇಕು, ಟಾಯ್ಲೆಟ್ ಬಳಸಲು ಬಿಡಬೇಕು" ಅನ್ನುವುದು. ಸರಾಯ್ ಕಾಯ್ದೆ ಎಂಬುದು ಇದ್ದದ್ದು ನಿಜ. ಅದು ದಾರಿಹೋಕರ ಛತ್ರಗಳಿಗೆ ಸಂಬಂಧಿಸಿದ ಬ್ರಿಟಿಷರ ಕಾಲದ ಕಾನೂನು. ಛತ್ರ ನಡೆಸುವವರು ಕೋಣೆ, ಚರಂಡಿ, ಬಾವಿಗಳನ್ನು ಚೊಕ್ಕಟವಾಗಿಡಬೇಕು, ದರದ ಪಟ್ಟಿ ಹಾಕಬೇಕು, ಕಾವಲು ಇಡಬೇಕು ಎಂದೆಲ್ಲ ಹೇಳುತ್ತದೆ. ಒಳಗೆ ಬಂದ ಯಾರಿಗೇ ಆದರೂ ಪುಕ್ಕಟೆ ಟಾಯ್ಲೆಟ್ ಕೊಡಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ. "ಹೋಟೆಲಿಗೆ ಹೋಗಲಿ ಬಿಡಿ" ಎಂಬ ಸಮಾಧಾನ ನಡೆಯುವುದಿಲ್ಲ.

ಮಾತು 6: ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ಎರಡು ಬಗೆಯ ಫಾರ್ವರ್ಡುಗಳು ಬರುತ್ತವೆ. ಹೊರಗೆ ಮಲಗುವುದೇ ಅಪರಾಧ ಅನ್ನುವುದು ಒಂದು. ಎಲ್ಲಿ ಬೇಕಾದರೂ ಮಲಗಬಹುದು, ಸುಪ್ರೀಂ ಕೋರ್ಟೇ ಹೇಳಿದೆ ಅನ್ನುವುದು ಇನ್ನೊಂದು. ಎರಡೂ ತಪ್ಪು.

ಪಾರ್ಕಿಗೆ, ಗ್ರಂಥಾಲಯಕ್ಕೆ, ಬಸ್ ನಿಲ್ದಾಣಕ್ಕೆ ಹೊತ್ತು ಗೊತ್ತುಪಡಿಸುವ ಅಧಿಕಾರ ಅವುಗಳನ್ನು ನಡೆಸುವವರಿಗೆ ಇದೆ. ರೈಲ್ವೆ ಪ್ಲಾಟ್‌ಫಾರ್ಮ್ ಟಿಕೆಟಿಗೂ 2 ಗಂಟೆಯ ಅವಧಿ ಇದೆ. ಹೊರಡಿ ಎಂದ ಮೇಲೂ ರೈಲ್ವೆ ಜಾಗದಲ್ಲಿ ಉಳಿದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ದಂಡ ಹಾಕಬಹುದು. 1985ರ ಓಲ್ಗಾ ಟೆಲ್ಲಿಸ್ ತೀರ್ಪು ಬಾಂಬೆಯ ಫುಟ್‌ಪಾತ್ ನಿವಾಸಿಗಳ ಬಗ್ಗೆ ಬಂದದ್ದು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದು ಅದು ಒಪ್ಪಿತು, ಆದರೆ ಫುಟ್‌ಪಾತನ್ನು ಆಕ್ರಮಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂದೂ ಹೇಳಿತು.

ಹಾಗೆಂದು ಲಾಠಿ ಬೀಸಲು, ಮಲಗಿದವರ ಮೇಲೆ ನೀರು ಸುರಿಯಲು, ಗಂಟುಮೂಟೆ ಎತ್ತಿ ಎಸೆಯಲು ಈ ಅಧಿಕಾರ ಅನುಮತಿ ಕೊಡುವುದಿಲ್ಲ. 2011ರ ಜೂನಿನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನು ಪೊಲೀಸರು ನಡುರಾತ್ರಿ ಎಬ್ಬಿಸಿ ಓಡಿಸಿದ ಪ್ರಕರಣದಲ್ಲಿ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ನೆಮ್ಮದಿಯ ನಿದ್ದೆಯೂ ಸೇರಿದೆ ಎಂದು ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲಿ ಹೇಳಿತು.

ಹಾಗಾದರೆ ಎಲ್ಲಿ ಮಲಗಬೇಕು? ಇದಕ್ಕೆ ಸರ್ಕಾರದ ಯೋಜನೆಯೇ ಇತ್ತು. 2013ರಲ್ಲಿ ಶುರುವಾಗಿ 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ (ಕಚೇರಿಗಳಲ್ಲಿ ಇದನ್ನು ನಲ್ಮ್ ಅನ್ನುತ್ತಿದ್ದರು) ನಗರ ವಸತಿರಹಿತರಿಗೆ ಆಶ್ರಯ ಎಂಬ ಭಾಗವನ್ನು ಸೇರಿಸಿದರು. ಅದರ ಮಾರ್ಗಸೂಚಿಯ ಪ್ರಕಾರ ಪ್ರತಿ 1 ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಕಾಯಂ ಆಶ್ರಯ ಬೇಕಿತ್ತು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಬೇಕಿತ್ತು. ದಿನದ 24 ಗಂಟೆ, ಎಲ್ಲ ಕಾಲದಲ್ಲೂ ತೆರೆದಿರಬೇಕಿತ್ತು. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆ ಸುಮಾರು 1 ಲಕ್ಷ 37 ಸಾವಿರ. ಲೆಕ್ಕ ನೀವೇ ಹಾಕಿ. ಮೊದಲು ಜಿಲ್ಲಾ ಕೇಂದ್ರಗಳು ಮತ್ತು 1 ಲಕ್ಷ ದಾಟಿದ ನಗರಗಳಿಗಿದ್ದ ಈ ಅಭಿಯಾನವನ್ನು ಆಮೇಲೆ ಸಣ್ಣ ಪಟ್ಟಣಗಳಿಗೂ ವಿಸ್ತರಿಸಿದರು. ಮದ್ದೂರು, ಮಳವಳ್ಳಿಯಂಥ ಊರುಗಳವರೂ ಈ ಬಗ್ಗೆ ಕೇಳಬಹುದು.

ಮಾತು 7: "ಎಲ್ಲರನ್ನೂ ವ್ಯಾನಿಗೆ ತುಂಬಿ ಬೆಂಗಳೂರಿಗೆ ಕಳಿಸಿ"

ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಕರ ಎಂದು ಶೇ 3ರಷ್ಟು ಸೇರಿರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಲಸಗಳಿಗೆ, ಅಂದರೆ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಈ ಹಣ ಹೋಗಬೇಕು. ಅಂದರೆ ಈ ಜನರ ಖರ್ಚನ್ನು ನಾವು ಆಗಲೇ ಕೊಡುತ್ತಿದ್ದೇವೆ.

ಆದರೆ ತುಂಬಿ ಕಳಿಸಿದರೆ ಮುಗಿಯಿತು ಅನ್ನುವಂತಿಲ್ಲ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಇಡೀ ರಾಜ್ಯವನ್ನು ತಲೆತಗ್ಗಿಸುವಂತೆ ಮಾಡಿತ್ತು. ಮನೆಯಿಲ್ಲದವನು ಮತ್ತು ಭಿಕ್ಷೆ ಬೇಡುವವನು ಒಂದೇ ಅಲ್ಲ. ಕೂಲಿ ಮಾಡಿ ರಾತ್ರಿ ಮಲಗಲು ಬಂದವನನ್ನು ಹಿಡಿದು ಕಳಿಸಿದರೆ ಅವನ ಕೂಲಿಯೂ ಹೋಯಿತು.

ಮಾನಸಿಕ ಅಸ್ವಸ್ಥರ ವಿಷಯದಲ್ಲಂತೂ ಕಾನೂನು ಸ್ಪಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ಅಂಥ ವ್ಯಕ್ತಿಗೆ ರಕ್ಷಣೆ ಕೊಟ್ಟು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಮಾತು 8: "ಇವರು ಮಕ್ಕಳ ಕಳ್ಳರು, ಎಚ್ಚರ!"

ಇದು ಎಲ್ಲಕ್ಕಿಂತ ಅಪಾಯದ ಫಾರ್ವರ್ಡ್. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಎರಡೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದೇ ರೀತಿ ಸತ್ತರು. ಎರಡು ಕಡೆಯೂ ಕೊಲೆಗೆ ಮೊದಲು ಓಡಾಡಿದ್ದು ವಾಟ್ಸಾಪ್ ಮೆಸೇಜುಗಳು. ಊರಿಗೆ ಹೊಸಬ, ಕೊಳಕು ಬಟ್ಟೆ, ಕನ್ನಡ ಬಾರದು, ಕೈಯಲ್ಲಿ ಚೀಲ. ಹೊರಗೆ ಮಲಗುವ ಎಷ್ಟೋ ಜನ ಹಾಗೇ ಕಾಣುತ್ತಾರೆ. ಅವರ ಫೋಟೊ ತೆಗೆದು ಗ್ರೂಪಿಗೆ ಹಾಕುವ ಮುನ್ನ ಇದು ನೆನಪಿರಲಿ. ನಿಜವಾಗಿ ಅನುಮಾನ ಬಂದರೆ ಫೋನ್ ಮಾಡಬೇಕಾದ್ದು 112ಕ್ಕೆ.

ಹಾಗಾದರೆ ಬೀಗ ಹಾಕಲೇಬಾರದೇ?

ಹಾಕಬಹುದು. ನಾವು ಹೇಳುತ್ತಿರುವುದು ಇಷ್ಟೇ: ಒಂದು ಬಾಗಿಲು ಮುಚ್ಚುವ ಮೊದಲು ಇನ್ನೊಂದು ಬಾಗಿಲು ತೆರೆದಿರಬೇಕು. ಮುಚ್ಚುವ ಹೊತ್ತನ್ನು ಸರಿಯಾಗಿ ಪಾಲಿಸುವುದೆಂದರೆ ಹೀಗೆ:

• ಮುಚ್ಚುವ ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಬೇಕು. ಓದು ಬಾರದವರಿಗೆ ಅರ್ಧ ಗಂಟೆ ಮೊದಲೇ ಬಾಯಲ್ಲಿ ಹೇಳಬೇಕು.
• ದಿನಾ ಒಂದೇ ಹೊತ್ತಿಗೆ ಮುಚ್ಚಬೇಕು. ಇವತ್ತು ಬಿಟ್ಟು ನಾಳೆ ನಡುರಾತ್ರಿ ಎಬ್ಬಿಸಿದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ.
• ತಂಗುದಾಣ ಎಲ್ಲಿದೆ, ಹೇಗೆ ಹೋಗಬೇಕು ಎಂಬುದು ಅದೇ ಬೋರ್ಡಿನಲ್ಲಿ ಇರಬೇಕು.
• ಶೌಚಾಲಯ ಮತ್ತು ಕುಡಿಯುವ ನೀರಿಗೆ ರಾತ್ರಿಯೂ ದಾರಿ ಇರಬೇಕು.
• ಚೀಲ, ಗಂಟು ಮುಟ್ಟಬಾರದು. ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಮಾತ್ರೆ ಇರುತ್ತವೆ. ಆಧಾರ್ ಹೋದರೆ ಪಿಂಚಣಿಗೂ ಕುತ್ತು. ಗುರುತಿನ ಚೀಟಿ ಇಲ್ಲದ ಹೆಂಗಸಿಗೆ ಶಕ್ತಿ ಯೋಜನೆಯ ಫ್ರೀ ಬಸ್ಸೂ ಇಲ್ಲ.
• ಮಳೆ ಸುರಿಯುವಾಗ, ಚಳಿ ಹೆಚ್ಚಿರುವಾಗ, ಪುಟ್ಟ ಮಕ್ಕಳಿರುವಾಗ ಸ್ವಲ್ಪ ಸಡಿಲ ಬಿಡಬೇಕು.

ಅಮೆರಿಕದಲ್ಲಿ 2024ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮಲಗಲು ಬೇರೆ ಜಾಗ ಇಲ್ಲದಿದ್ದರೂ ಸಾರ್ವಜನಿಕ ಜಾಗದಲ್ಲಿ ಬೀಡುಬಿಟ್ಟವರಿಗೆ ದಂಡ ಹಾಕಲು ನಗರಗಳಿಗೆ ದಾರಿ ಮಾಡಿಕೊಟ್ಟಿತು. ಅದು ಓರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣ. ಜೇಬಿನಲ್ಲಿ ಬಾಡಿಗೆಗೆ ಕಾಸಿಲ್ಲದವನ ಮೇಲೆ ದಂಡ ಹೇರಿದರೆ ಅವನಿಗೆ ಮನೆ ಸಿಗುವುದಿಲ್ಲ, ಸಾಲ ಬೆಳೆಯುತ್ತದೆ. ಶ್ರೀಮಂತ ದೇಶ ಮಾಡಿತೆಂದು ನಾವೂ ಮಾಡಬೇಕಿಲ್ಲ.

ನೀವು ಏನು ಮಾಡಬಹುದು?

ಫಾರ್ವರ್ಡ್ ಮಾಡುವ ಬದಲು ನಿಮ್ಮೂರಿನ ನಗರಾಡಳಿತದ ಕಚೇರಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ? ಅದು ರಾತ್ರಿಯೆಲ್ಲ ತೆರೆದಿರುತ್ತದೆಯೇ? ಹೆಂಗಸರಿಗೆ ಬೇರೆ ಜಾಗ ಇದೆಯೇ? ಬಾಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸಿಕ್ಕ ಉತ್ತರವನ್ನು ಗ್ರೂಪಿಗೆ ಹಾಕಿ. ಆ ಮೆಸೇಜು ನಿಜವಾಗಿಯೂ ಶೇರ್ ಆಗಬೇಕಾದ್ದು.

ಈ ನಂಬರುಗಳನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ:

112 – ತುರ್ತು ಸಹಾಯ, ಪೊಲೀಸ್
108 – ಆಂಬುಲೆನ್ಸ್
1098 – ಒಂಟಿ ಮಕ್ಕಳು ಕಂಡರೆ
181 – ತೊಂದರೆಯಲ್ಲಿರುವ ಹೆಂಗಸರಿಗೆ
14567 – ಹಿರಿಯ ನಾಗರಿಕರಿಗೆ
14416 – ಮಾನಸಿಕ ಆರೋಗ್ಯದ ಸಲಹೆಗೆ

ರಾತ್ರಿ ಹೊರಗೆ ಮಲಗಿದವರು ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲುತ್ತಿದ್ದರೆ, ಮೈ ತಣ್ಣಗಿದ್ದರೆ "ಕುಡಿದಿದ್ದಾನೆ ಬಿಡು" ಎಂದು ಮುಂದೆ ಹೋಗಬೇಡಿ. ಸಕ್ಕರೆ ಇಳಿದಿದ್ದರೂ, ಪಾರ್ಶ್ವವಾಯು ಹೊಡೆದಿದ್ದರೂ, ಚಳಿಗೆ ದೇಹ ಸೋತಿದ್ದರೂ ಹೀಗೇ ಕಾಣುತ್ತದೆ. 108ಕ್ಕೆ ಫೋನ್ ಮಾಡಿ, ಒದ್ದೆ ಬಟ್ಟೆ ಇದ್ದರೆ ಒಣ ಹೊದಿಕೆ ಹೊದಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಕಾಫಿ ಏನನ್ನೂ ಹಾಕಬೇಡಿ.

ಇನ್ನು ಆ ಫೋಟೊ. ಮಲಗಿದ ಮನುಷ್ಯನ ಮುಖವನ್ನು ಅವನಿಗೆ ಗೊತ್ತಿಲ್ಲದೆ ನೂರಾರು ಜನಕ್ಕೆ ಕಳಿಸುವುದು ಬೇಡ. ಮುಂದಿನ ಸಲ ಅಂಥ ಮೆಸೇಜು ಬಂದಾಗ, "ಬೀಗ ಹಾಕಿದ ಮೇಲೆ ಇವರು ಎಲ್ಲಿ ಮಲಗಬೇಕು?" ಎಂದು ಗ್ರೂಪಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿ ನೋಡಿ.